ಏಳನೇ ಹಾಸಿಗೆಯ ರೋಗಿ

ಬೆಳಗ್ಗೆ ಆರು ಗಂಟೆ ಐವತ್ತು ನಿಮಿಷ. ಸರ್ಕಾರಿ ಆಸ್ಪತ್ರೆಯ ಹೆಂಗಸರ ಶಸ್ತ್ರಚಿಕಿತ್ಸಾ ವಾರ್ಡಿನಿಂದ ಹನ್ನೊಂದು ರೋಗಿಗಳನ್ನು ಹಿತ್ತಲಿನ ಬಟ್ಟೆ ಒಗೆಯುವ ಶೆಡ್ಡಿಗೆ ಸಾಗಿಸಲಾಯಿತು. ಹತ್ತು ಮಂದಿ ಮಾತಾಡದೆ ಹೋದರು. ಏಳನೇ ಹಾಸಿಗೆಯ ಮುದುಕಿ ಮಾತ್ರ ಮಂಚದ ಸರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಏಳ್ತೀಯೋ ಇಲ್ವೋ ಮುದಿ ಗೂಬೆ? ನಿನ್ನ ಕಾಲಿನ ನಾತಕ್ಕೆ ಗೇಟಲ್ಲೇ ಮೂಗು ಮುಚ್ಕೋಬೇಕು. ಒಂಬತ್ತಕ್ಕೆ ದೊಡ್ಡೋರು ಬರ್ತಾರೆ."

ಹೇಳಿದವನು ಸ್ವಚ್ಛತಾ ಗುತ್ತಿಗೆದಾರನ ಸೂಪರ್‌ವೈಸರ್. ಕೊರಳಲ್ಲಿ ಸದಾ ಸೀಟಿ ನೇತಾಡುತ್ತಿದ್ದುದರಿಂದ ಕಸ ಗುಡಿಸುವ ಹೆಂಗಸರು ಅವನಿಗೆ ಇಟ್ಟಿದ್ದ ಹೆಸರೂ ಸೀಟಿಯೇ.

"ನಾತ ಬರದೆ ಗಂಧ ಬರುತ್ತೇನೋ? ಹತ್ತೊಂಬತ್ತು ದಿನ ಕೊಳೆಯೋಕೆ ಬಿಟ್ಟೋರ್ಯಾರು?" ಮುದುಕಿ ಸರಳು ಬಿಡಲಿಲ್ಲ. "ಇದೇ ವಾರ್ಡಲ್ಲಿ ಮೂವತ್ತು ವರ್ಷ ಕಸ ಬಳಿದಿದೀನಿ. ನಿನ್ನಮ್ಮ ನಿನ್ನ ಹೆತ್ತಿದ್ದೂ ಇದೇ ಆಸ್ಪತ್ರೇಲಿ. ಆ ನೆಲ ಒರೆಸಿದೋಳೂ ನಾನೇ. ಅವತ್ತೇ ನಿನ್ನನ್ನೂ ಸೇರಿಸಿ ಗುಡಿಸಿ ಹಾಕಬೇಕಿತ್ತು, ಬೇವರ್ಸಿ!"

ಕಡೆಗೆ ಅವಳ ಬೆರಳುಗಳನ್ನು ಒಂದೊಂದಾಗಿ ಸರಳಿನಿಂದ ಬಿಡಿಸಿದವಳು ಅವಳ ಸೊಸೆ. ಸೊಸೆಯೂ ಇದೇ ವಾರ್ಡಿನಲ್ಲಿ ಆರು ವರ್ಷದಿಂದ ಕಸ ಗುಡಿಸುತ್ತಿದ್ದಳು. ನಾಲ್ಕೂವರೆ ಅಡಿ ಎತ್ತರ. ಎಲ್ಲರೂ ಗಿಡ್ಡಿ ಎನ್ನುತ್ತಿದ್ದರು.

"ಸುಮ್ನೆ ಬನ್ನಿ ಅತ್ತೆ. ಒಂದು ಗಂಟೆಗೆ ವಾಪಸ್ ಮಲಗಿಸ್ತಾರಂತೆ."

"ಎಲ್ಲಿ? ಹಾಸಿಗೆ ಮೇಲೋ, ಮಣ್ಣಲ್ಲೋ?"

ಗಿಡ್ಡಿ ಅತ್ತೆಯನ್ನು ಟ್ರಾಲಿಗೆ ಹಾಕಿ, ಕಾಲಿನ ಮೇಲೆ ಬಟ್ಟೆ ಹೊದಿಸಿದಳು.

ಕಾಲಿನ ಸಂಗತಿ ಇಷ್ಟು. ಮುದುಕಿಗೆ ಸಕ್ಕರೆ ಕಾಯಿಲೆ. ಬಲಗಾಲಿನ ಎರಡು ಬೆರಳು ಕಪ್ಪಾಗಿದ್ದವು. ಸೇರಿಸಿಕೊಂಡ ದಿನವೇ ಶಸ್ತ್ರಚಿಕಿತ್ಸೆ ಆಗಬೇಕೆಂದು ಕೇಸ್ ಶೀಟಿನಲ್ಲಿ ಬರೆದಿದ್ದರು. ಶಸ್ತ್ರವೈದ್ಯ ಇದ್ದ ದಿನ ಅರಿವಳಿಕೆ ವೈದ್ಯ ಇರಲಿಲ್ಲ. ಅರಿವಳಿಕೆ ವೈದ್ಯ ಬಂದ ದಿನ ಶಸ್ತ್ರವೈದ್ಯ ತನ್ನ ಸ್ವಂತ ನರ್ಸಿಂಗ್ ಹೋಮಿನಲ್ಲಿದ್ದ. ಇಬ್ಬರೂ ಇದ್ದ ಒಂದು ದಿನ ಉಪಕರಣ ಬೇಯಿಸುವ ಯಂತ್ರ ಕೆಟ್ಟಿತ್ತು. ಅದು ರಿಪೇರಿಯಾದ ದಿನ ಕೈಗವಸು ಮುಗಿದಿತ್ತು. ಆದರೂ ಪ್ರತಿದಿನ ಬೆಳಗ್ಗೆ ಮುದುಕಿಗೆ "ಬಾಯಿಗೇನೂ ಹಾಕಬೇಡ, ಇವತ್ತು ಥಿಯೇಟರ್" ಎಂದು ಹೇಳಲಾಗುತ್ತಿತ್ತು. ಮಧ್ಯಾಹ್ನ ಒಂದಕ್ಕೆ "ನಾಳೆ" ಎನ್ನಲಾಗುತ್ತಿತ್ತು. ಹೀಗೆ ಹತ್ತೊಂಬತ್ತು ಉಪವಾಸಗಳಾಗಿದ್ದವು. ಹಿಂದಿನ ಸಂಜೆ ಡ್ರೆಸಿಂಗ್ ಮಾಡುವ ನರ್ಸು ಗಿಡ್ಡಿಯನ್ನು ಪಕ್ಕಕ್ಕೆ ಕರೆದು ಹೇಳಿದ್ದಳು: "ಇನ್ನೆರಡು ದಿನ ಬಿಟ್ರೆ ಪಾದ ಹೋಗುತ್ತೆ. ವಾರ ಬಿಟ್ರೆ ಮೊಣಕಾಲು. ಆಮೇಲೆ ನನ್ನನ್ನ ಕೇಳಬೇಡ."

ಒಂಬತ್ತಕ್ಕೆ ಬರಲಿದ್ದ ದೊಡ್ಡವರ ಪರಿಶೀಲನೆಯ ಸಂಗತಿಯೂ ಇಷ್ಟೇ. ಮೂರು ವರ್ಷಕ್ಕೊಮ್ಮೆ ಒಂದು ತಂಡ ಬಂದು ಆಸ್ಪತ್ರೆಗೆ ಅಂಕ ಹಾಕುತ್ತದೆ. ನೂರಕ್ಕೆ ಎಂಬತ್ತು ದಾಟಿದರೆ ಮುಂದಿನ ಅನುದಾನ. ದಾಟದಿದ್ದರೆ, ಅಂದರೆ ಆಸ್ಪತ್ರೆ ಬಡವಾಗಿದ್ದರೆ, ಅನುದಾನ ಇಲ್ಲ. ವಾರ್ಡು ಖಾಲಿ ಇದ್ದರೆ ಅಂಕ ಕಡಿತ. ನೂರಕ್ಕೆ ಎಂಬತ್ತೈದಕ್ಕಿಂತ ಹೆಚ್ಚು ಹಾಸಿಗೆ ತುಂಬಿದ್ದರೂ ಕಡಿತ. ವಾರ್ಡಿನಲ್ಲಿ ಹನ್ನೆರಡು ಹಾಸಿಗೆ, ಹತ್ತೊಂಬತ್ತು ರೋಗಿಗಳು. ನಡೆಯಬಲ್ಲ ಎಂಟು ಮಂದಿಗೆ "ಸೋಮವಾರ ಬನ್ನಿ" ಎಂಬ ಚೀಟಿ ಸಿಕ್ಕಿತು. ನಡೆಯಲಾರದವರು ಹನ್ನೊಂದು ಮಂದಿ ಉಳಿದರು. ನಿಯಮದ ಪ್ರಕಾರ ಇರಬೇಕಾದವರು ಹತ್ತು. ಒಬ್ಬಳನ್ನು ಇಳಿಸಿದ್ದರೆ ಲೆಕ್ಕ ಸರಿಹೋಗುತ್ತಿತ್ತು. ಆದರೆ ಅಸಲಿ ರೋಗಿಗಳಿಗೆ ಬಾಯಿ ಇತ್ತು. ಆದ್ದರಿಂದ ಹನ್ನೊಂದನ್ನೂ ಇಳಿಸಿ, ಕಸ ಗುಡಿಸುವ ಹತ್ತು ಹೆಂಗಸರನ್ನು ಸ್ನಾನ ಮಾಡಿಸಿ ಮಲಗಿಸುವುದೆಂದು ತೀರ್ಮಾನವಾಯಿತು. ಮಲಗಿದ್ದಕ್ಕೂ ಹಾಜರಿ ಸಿಗುತ್ತದೆ ಎಂದು ಸೀಟಿ ಹೇಳಿದ್ದ. ಮಲಗದಿದ್ದರೆ ನಾಳೆಯಿಂದ ಬರುವುದು ಬೇಡ ಎಂದೂ ಹೇಳಿದ್ದ.

ಎಂಟು ಗಂಟೆಗೆ ತಾಲೀಮು ಶುರುವಾಯಿತು. ಗಿಡ್ಡಿ ಏಳನೇ ಹಾಸಿಗೆಯಲ್ಲಿದ್ದಳು. ಅವಳ ಬಲಗಾಲಿಗೆ ದಪ್ಪ ಬ್ಯಾಂಡೇಜು ಸುತ್ತಿ, ಮೇಲೆ ಒಂದಿಷ್ಟು ಹಳದಿ ಔಷಧ ಸುರಿದಿದ್ದರು. ಒಂಬತ್ತನೇ ಹಾಸಿಗೆಯಲ್ಲಿ ಕಸ ಗುಡಿಸುವ ದಪ್ಪಕ್ಕ, ತಂಡಕ್ಕೆಂದು ಹೊಸದಾಗಿ ಬರೆದ ಕೇಸ್ ಶೀಟಿನ ಪ್ರಕಾರ ಹೊಟ್ಟೆ ಆಪರೇಷನ್ ಆಗಿ ಎರಡು ದಿನವಾದವಳು. ಸಲೈನ್ ಕೊಳವೆಯನ್ನು ಸೂಜಿಯಿಲ್ಲದೆ ಕೈಗೆ ಪ್ಲಾಸ್ಟರಿನಿಂದ ಅಂಟಿಸಲಾಗಿತ್ತು.

"ಹನ್ನೆರಡು ವರ್ಷದಲ್ಲಿ ಮೊದಲ ಸಲ ಈ ಹಾಸಿಗೆಗೆ ಬೆನ್ನು ಕೊಟ್ಟೆ ಕಣೇ," ದಪ್ಪಕ್ಕ ಮಗ್ಗುಲು ಬದಲಿಸಿದಳು. "ಎಷ್ಟು ಮೆತ್ತಗಿದೆ!"

"ಸ್ಪಂಜು ನಿನ್ನೆ ಬಂದಿದ್ದು ಅಕ್ಕ. ನಾಳೆ ಹೋಗುತ್ತೆ."

"ಹಾಗಾದ್ರೆ ಇವತ್ತೇ ನಿದ್ದೆ ಹೊಡೀತೀನಿ. ಯಾರಾದ್ರೂ ಬಂದ್ರೆ ಸತ್ತೋದ್ಲು ಅನ್ನು."

"ಬಾಯಿ ಮುಚ್ರೇ!" ಸೀಟಿ ಪಿರ್ರನೆ ಊದಿದ. "ಪ್ರಶ್ನೆ ಒಂದು. ಔಷಧಿ ಹೊರಗಡೆಯಿಂದ ತರಿಸಿದ್ರಾ? ಏನಂತೀರ?"

"ಇಲ್ಲ, ಎಲ್ಲಾ ಒಳಗಡೇನೇ ಕೊಟ್ರು," ಹತ್ತು ಹೆಂಗಸರು ಒಟ್ಟಿಗೆ ಹೇಳಿದರು.

"ಶಾಲೆ ಮಕ್ಕಳ ತರ ರಾಗ ಎಳೀಬೇಡಿ. ಕಾಯಿಲೆಯವರ ತರ ನರಳ್ಕೊಂಡು ಹೇಳಿ. ಪ್ರಶ್ನೆ ಎರಡು. ಎಷ್ಟು ದಿನ ಕಾದ್ರಿ?"

"ಬಂದ ದಿನಾನೇ ನೋಡಿದ್ರು."

"ಪ್ರಶ್ನೆ ಐದು. ಕಾಯಿಲೆ ಬಂದ್ರೆ ಮತ್ತೆ ಈ ಆಸ್ಪತ್ರೆಗೇ ಬರ್ತೀರಾ?"

"ಕಾಯಿಲೆ ಬರದೇ ಇದ್ರೂ ನಾಳೆ ಆರು ಗಂಟೆಗೆ ಬರ್ಬೇಕಲ್ಲಪ್ಪ," ಎಂದಳು ದಪ್ಪಕ್ಕ. ವಾರ್ಡು ನಕ್ಕಿತು. ಸೀಟಿ ಅವಳ ಅರ್ಧ ದಿನದ ಹಾಜರಿ ಕಡಿದ. ಹೀಗೆ ಮಲಗಿದಲ್ಲೇ ಕೂಲಿ ಕಳೆದುಕೊಂಡ ಮೊದಲ ರೋಗಿ ದಪ್ಪಕ್ಕನೇ ಆದಳು.

ಒಂಬತ್ತಕ್ಕೆ ಬರಬೇಕಾದ ತಂಡ ಹತ್ತೂಕಾಲಕ್ಕೆ ಬಂತು. ಮೂವರು. ಮುಖ್ಯಸ್ಥರು ತೆಳ್ಳಗಿನ ಹಿರಿಯರು. ಕಂಡದ್ದನ್ನೆಲ್ಲ ಮುಟ್ಟಿ ನೋಡುವ ಅಭ್ಯಾಸದವರು. ಅವರ ಹಿಂದೆ ಟ್ಯಾಬ್ ಹಿಡಿದ ಮೇಡಂ. ಮೂರನೆಯವರು ಫೋಟೊ ತೆಗೆಯುವವರು. ಆಸ್ಪತ್ರೆಯ ಸೂಪರಿಂಟೆಂಡೆಂಟ್, ಎಲ್ಲರ ಬಾಯಲ್ಲಿ 'ದೊಡ್ಡ ಡಾಕ್ಟರು', ಅವರಿಗೆ ದಾರಿ ತೋರಿಸುತ್ತಿದ್ದರು. ಜೊತೆಗೆ ಬಿಳಿ ಅಂಗಿಯ ದಪ್ಪ ಮನುಷ್ಯನೊಬ್ಬ ಕೈಮುಗಿದುಕೊಂಡೇ ನಡೆಯುತ್ತಿದ್ದ.

"ಆಡಳಿತ ಸಮಿತಿಯಲ್ಲಿ ಜನರ ಪ್ರತಿನಿಧಿ ಇದ್ದಾರಾ?" ಮುಖ್ಯಸ್ಥರು ಕೇಳಿದರು.

"ಇವರೇ ಸರ್," ದೊಡ್ಡ ಡಾಕ್ಟರು ಬಿಳಿ ಅಂಗಿಯವನನ್ನು ತೋರಿಸಿದರು.

"ಸ್ವಚ್ಛತೆಯ ಗುತ್ತಿಗೆ ಯಾರದು?"

"ಅದೂ ಇವರದೇ ಸರ್. ಟೆಂಡರ್ ಮೂಲಕ."

"ಅಂದರೆ ಗುತ್ತಿಗೆದಾರರ ಮೇಲೆ ಜನರ ನಿಗಾ ಇದೆ," ಎಂದರು ಮೇಡಂ, ಬೆರಳು ಒತ್ತುತ್ತ. ಬಿಳಿ ಅಂಗಿಯವನು ಇನ್ನೊಮ್ಮೆ ಕೈಮುಗಿದ.

ಮೊದಲ ಆರು ಹಾಸಿಗೆಗಳು ಸುಸೂತ್ರವಾಗಿ ಮುಗಿದವು. ಯಾರೂ ಕಾದಿರಲಿಲ್ಲ, ಯಾರೂ ಹೊರಗಿನಿಂದ ಔಷಧಿ ತರಿಸಿರಲಿಲ್ಲ. ನಾಲ್ಕನೆಯವಳು ಒಂದು ಹೆಜ್ಜೆ ಮುಂದೆ ಹೋಗಿ ಊಟ ಮನೆಗಿಂತ ಚೆನ್ನಾಗಿದೆ ಎಂದಳು. ಅದು ಸುಳ್ಳಾಗಿರಲಿಲ್ಲ, ಅವಳ ಮನೆಯಲ್ಲಿ ಆ ದಿನ ಒಲೆ ಹೊತ್ತಿರಲಿಲ್ಲ.

ಫೋಟೊದವನು ಎಲ್ಲರನ್ನೂ ಚೌಕಟ್ಟಿನಲ್ಲಿ ಹಿಡಿಯಲು ಹಿಂದೆ ಸರಿದ. ಮೇಡಂ ಅವನಿಗೆ ಜಾಗ ಬಿಡಲು ಪಕ್ಕಕ್ಕೆ ಹೋದರು. ಅವರ ಮೊಣಕೈ ಒಂಬತ್ತನೇ ಹಾಸಿಗೆಯ ಸಲೈನ್ ಸ್ಟ್ಯಾಂಡಿಗೆ ತಾಗಿತು. ಸ್ಟ್ಯಾಂಡು ಉರುಳಿತು, ಕೊಳವೆ ಕಿತ್ತುಬಂತು, ನೀರು ನೆಲದ ಮೇಲೆ ಹರಿಯಿತು.

ನೆಲದ ಮೇಲೆ ನೀರು ಕಂಡರೆ ಎದ್ದು ಓಡುವುದು ಈ ಹೆಂಗಸರ ಕೈಕಾಲಿಗೆ ಅಂಟಿದ ಅಭ್ಯಾಸ. ಸೂಪರ್‌ವೈಸರ್ ಕೂಗುವ ಮೊದಲು ಒರೆಸಬೇಕು; ಇಲ್ಲದಿದ್ದರೆ ಹಾಜರಿ ಹೋಗುತ್ತದೆ. ನಾಲ್ಕನೆಯ, ಒಂಬತ್ತನೆಯ, ಹನ್ನೊಂದನೆಯ ಹಾಸಿಗೆಗಳಿಂದ ಮೂವರು ರೋಗಿಗಳು ಒಂದೇ ಸಲ ಧುಮುಕಿದರು. ಒಬ್ಬಳು ಬಾಗಿಲ ಹಿಂದಿನಿಂದ ಮಾಪು ತಂದಳು, ಇನ್ನೊಬ್ಬಳು ಬಕೆಟ್ ತಂದಳು. ಹೊಟ್ಟೆಗೆ ಹನ್ನೆರಡು ಹೊಲಿಗೆ ಬಿದ್ದಿದ್ದ ದಪ್ಪಕ್ಕ ಬಗ್ಗಿ ನೆಲ ಒರೆಸುತ್ತ, "ಸ್ವಲ್ಪ ಕಾಲೆತ್ತಿ ಮೇಡಂ, ಜಾರುತ್ತೆ," ಎಂದಳು.

ಮೂವರಿಗೂ ತಾವು ರೋಗಿಗಳೆಂಬುದು ನೆನಪಾದದ್ದು ನೆಲ ಪೂರ್ತಿ ಒಣಗಿದ ಮೇಲೆ.

"ಇವರಿಗೆ ಮೊನ್ನೆ ತಾನೇ ಹೊಟ್ಟೆ ಆಪರೇಷನ್ ಆಗಿದೆ ಅಂತ ಬರೆದಿದೆ?" ಮುಖ್ಯಸ್ಥರು ಕನ್ನಡಕ ಸರಿಮಾಡಿಕೊಂಡರು.

"ಹೌದು ಸರ್," ದೊಡ್ಡ ಡಾಕ್ಟರು ಹಣೆ ಒರೆಸಿಕೊಂಡರು. "ನಮ್ಮಲ್ಲಿ ರೋಗಿಗಳನ್ನ ಬೇಗ ಓಡಾಡಿಸ್ತೀವಿ. ಹೊಸ ಪದ್ಧತಿ."

"ಸರ್, 'ಸ್ವಚ್ಛತೆಯಲ್ಲಿ ರೋಗಿಗಳ ಸಹಭಾಗಿತ್ವ' ಅಂತ ಒಂದು ಕಾಲಂ ಇದೆ," ಎಂದರು ಮೇಡಂ. "ಇದುವರೆಗೆ ಯಾವ ಆಸ್ಪತ್ರೆಗೂ ಹಾಕಿಲ್ಲ. ಐದಕ್ಕೆ ಐದು ಹಾಕಲಾ?"

"ಹಾಕಿ."

ಮುಖ್ಯಸ್ಥರು ತಿರುಗಿ ಏಳನೇ ಹಾಸಿಗೆಯ ಕೇಸ್ ಶೀಟನ್ನು ಕೈಗೆತ್ತಿಕೊಂಡರು. ಎರಡು ಹಾಳೆ ಓದಿದರು. "ಇವರು ಬಂದು ಹತ್ತೊಂಬತ್ತು ದಿನ ಆಗಿದೆ. ತುರ್ತು ಅಂತ ಬರೆದಿದ್ದೀರಿ. ಆಪರೇಷನ್ ಯಾಕೆ ಆಗಿಲ್ಲ?"

"ಇವತ್ತೇ ಸರ್, ಹನ್ನೊಂದಕ್ಕೆ." ದೊಡ್ಡ ಡಾಕ್ಟರು ಜೇಬಿನಿಂದ ಪೆನ್ನು ತೆಗೆದು, ನರ್ಸಿನ ಕೈಯಲ್ಲಿದ್ದ ಥಿಯೇಟರ್ ಪಟ್ಟಿಯಲ್ಲಿ ಅಲ್ಲಿಯೇ ಹೆಸರು ಬರೆದರು.

"ಒಳ್ಳೆಯದು. ಹಾಗಾದರೆ ರೋಗಿ ಹಾಸಿಗೆಯಿಂದ ಥಿಯೇಟರಿಗೆ ಹೋಗುವ ಕ್ರಮವನ್ನೂ ನೋಡೋಣ. ನಡೆಯಿರಿ."

ಟ್ರಾಲಿ ಬಂತು. ಅದನ್ನು ತಳ್ಳುವವನನ್ನು ಎಲ್ಲರೂ ಟ್ರಾಲಿಯಣ್ಣ ಎನ್ನುತ್ತಿದ್ದರು. ಬೆಳಗ್ಗೆ ಅತ್ತೆಯನ್ನು ಶೆಡ್ಡಿಗೆ ತಳ್ಳಿದವನೂ ಅವನೇ. ಗಿಡ್ಡಿಯ ಮುಖ ನೋಡಲಾರದೆ ಚಕ್ರ ನೋಡುತ್ತ ನಡೆದ. ದೊಡ್ಡ ಡಾಕ್ಟರು ಹೊದಿಕೆ ಸರಿಪಡಿಸುವ ನೆವದಲ್ಲಿ ಬಗ್ಗಿದರು.

"ಒಳಗೆ ಹೋದ ಮೇಲೆ ಬಾಗಿಲು ಹಾಕ್ತಾರೆ. ಇವರು ಚಹಾಕ್ಕೆ ಹೋಗ್ತಾರೆ. ನೀನು ಹಿಂದಿನ ಬಾಗಿಲಿಂದ ಇಳಿದು ಹೋಗು."

"ಅತ್ತೇನ ಯಾವಾಗ ಕರ್ಕೊಂಡು ಬರ್ಲಿ ಸಾರ್?"

"ನಾಳೆ ನೋಡೋಣ."

ಥಿಯೇಟರನ್ನು ಗಿಡ್ಡಿ ದಿನಕ್ಕೆರಡು ಸಲ ಒರೆಸುತ್ತಿದ್ದಳು. ಅಲ್ಲಿ ಏನಿರುತ್ತದೆ, ಏನಿರುವುದಿಲ್ಲ ಎಂಬುದು ಅವಳಿಗೆ ಶಸ್ತ್ರವೈದ್ಯನಿಗಿಂತ ಚೆನ್ನಾಗಿ ಗೊತ್ತಿತ್ತು. ಮಲಗಿದಲ್ಲಿಂದಲೇ ಬಾಗಿಲ ಗಾಜಿನೊಳಗೆ ನೋಡಿದಳು. ದೀಪದ ನಾಲ್ಕೂ ಬಲ್ಬು ಉರಿಯುತ್ತಿದ್ದವು. ಕೈಗವಸಿನ ಡಬ್ಬಿಗಳು ಒಂದರ ಮೇಲೊಂದು ಇದ್ದವು. ಉಪಕರಣದ ತಟ್ಟೆಯಿಂದ ಇನ್ನೂ ಹಬೆ ಏಳುತ್ತಿತ್ತು. ಶಸ್ತ್ರವೈದ್ಯ ಇದ್ದ. ಅರಿವಳಿಕೆ ವೈದ್ಯ ಇದ್ದ, ಅದೂ ಎಚ್ಚರವಾಗಿ. ಹತ್ತೊಂಬತ್ತು ದಿನಗಳಲ್ಲಿ ಇವೆಲ್ಲ ಒಂದೇ ಕೋಣೆಯಲ್ಲಿ ಒಟ್ಟಿಗೆ ಇದ್ದದ್ದು ಇದೇ ಮೊದಲು. ಒಂದು ಗಂಟೆಗೆ ತಂಡ ಹೊರಡುತ್ತದೆ. ಒಂದೂಕಾಲಕ್ಕೆ ಇವರೂ.

ಬಾಗಿಲಲ್ಲಿ ಹಸಿರು ಬಟ್ಟೆಯ ನರ್ಸು ತಡೆದಳು. ಒಳಗೆ ಬಿಡುವ ಮುನ್ನ ರೋಗಿಯ ಬಾಯಿಂದಲೇ ಮೂರು ಸಂಗತಿ ಕೇಳಬೇಕೆಂಬುದು ನಿಯಮ. ತಂಡ ಎದುರಿಗಿದ್ದುದರಿಂದ ಆ ದಿನ ನಿಯಮ ಜಾರಿಯಲ್ಲಿತ್ತು.

"ವಯಸ್ಸು ಹೇಳಿಮ್ಮ."

"ಅರವತ್ತೊಂದು ಅಂತ ಬರ್ದಿದೆ," ಎಂದಳು ಇಪ್ಪತ್ತೊಂಬತ್ತರ ಗಿಡ್ಡಿ. "ಅರವತ್ತೊಂದರ ತರ ಕಾಣ್ತೀನಾ ಸಿಸ್ಟರ್?"

ನರ್ಸು ಕಾಗದ ನೋಡಿದಳು, ಅವಳನ್ನು ನೋಡಿದಳು, ಮತ್ತೆ ಕಾಗದ ನೋಡಿದಳು. ಗಿಡ್ಡಿ ಟ್ರಾಲಿಯ ಮೇಲೆ ಎದ್ದು ಕೂತಳು. ಬಗ್ಗಿ ಬ್ಯಾಂಡೇಜಿನ ತುದಿ ಹಿಡಿದು ಎಳೆದಳು. ಅದು ಸುರುಳಿ ಬಿಚ್ಚಿಕೊಂಡು ಮುಖ್ಯಸ್ಥರ ಬೂಟಿನ ಮೇಲೆ ಬಿತ್ತು. ಐದು ಬೆರಳಿನ, ಹಿಮ್ಮಡಿ ಒಡೆದ, ಗಟ್ಟಿಮುಟ್ಟಾದ ಕಾಲು.

"ಟ್ರಾಲಿ ತಿರುಗಿಸಣ್ಣ."

"ಗಿಡ್ಡಿ, ನನ್ನ ಕೆಲಸ ಹೋಗುತ್ತೆ ಕಣೇ."

"ರೋಗಿ ತಳ್ಳೋದು ತಾನೇ ನಿನ್ನ ಕೆಲಸ? ಇವತ್ತು ಒಂದು ಸಲ ಅದನ್ನ ಮಾಡು." ಅವಳು ಕೆಳಗೆ ಹಾರಿ ತಾನೇ ಟ್ರಾಲಿಯ ತಲೆ ಹಿಡಿದಳು. ಟ್ರಾಲಿಯಣ್ಣ ಎರಡು ಕ್ಷಣ ನಿಂತಿದ್ದವನು, "ಹಾಳಾಗಿ ಹೋಗ್ಲಿ," ಎಂದು ಬಾಲ ಹಿಡಿದ.

ಸೀಟಿ ಊದಿದ. ಆರು ವರ್ಷದಿಂದ ಆ ಸದ್ದಿಗೆ ನಿಲ್ಲುತ್ತಿದ್ದ ಕಾಲುಗಳು ನಿಲ್ಲಲಿಲ್ಲ. ವಾರ್ಡಿನ ಮುಂದೆ ಹಾಯುವಾಗ ಗಿಡ್ಡಿ ಒಳಗೆ ತಲೆ ಹಾಕಿ ಕೂಗಿದಳು: "ಥಿಯೇಟರಲ್ಲಿ ಎಲ್ಲಾ ಇದೆ ಕಣ್ರೇ! ಎಲ್ರೂ ಇದಾರೆ!" ಹೆಂಗಸರಿಗೆ ಅಷ್ಟೇ ಸಾಕಾಯಿತು. ದಪ್ಪಕ್ಕ ಕೈಯ ಪ್ಲಾಸ್ಟರ್ ಕಿತ್ತು, ಹಾಸಿಗೆಯ ಹೊಸ ಹೊದಿಕೆಯನ್ನು ಎಳೆದು ಹೆಗಲಿಗೆ ಹಾಕಿಕೊಂಡಳು.

ಅಂಗವಿಕಲರಿಗೆಂದು ಕಟ್ಟಿಸಿದ ಇಳಿಜಾರು ದಾರಿಯ ಮೇಲೆ ಆ ದಿನ ಅತಿಥಿಗಳಿಗೆಂದು ಕೆಂಪು ಜಮಖಾನ ಹಾಸಿದ್ದರು. ಟ್ರಾಲಿಯ ಚಕ್ರ ಅದರಲ್ಲಿ ಸಿಕ್ಕಿಕೊಂಡಿತು. ಗಿಡ್ಡಿ ಜಮಖಾನವನ್ನು ಸುತ್ತಿ ಹೂಕುಂಡದ ಮೇಲೆ ಎಸೆದಳು.

ಶೆಡ್ಡಿನಲ್ಲಿ ಬಾಯ್ಲರಿನ ಹಬೆ. ಕೊಳೆ ಬಟ್ಟೆಯ ರಾಶಿಗಳ ನಡುವೆ ಹನ್ನೊಂದು ಹೆಂಗಸರು ಸಾಲಾಗಿ ಬಿದ್ದಿದ್ದರು. ಅತ್ತೆ ಕಾಲನ್ನು ಒಂದು ಗಂಟಿನ ಮೇಲಿಟ್ಟುಕೊಂಡು ಗೋಡೆಗೆ ಒರಗಿದ್ದಳು. ತುಟಿ ಒಣಗಿತ್ತು.

"ಒಂದು ಗಂಟೆ ಆಗೋಯ್ತೇನೇ?"

"ಇಲ್ಲ, ಹನ್ನೊಂದೂವರೆ. ಬೆಳಗ್ಗೆಯಿಂದ ಏನಾದ್ರೂ ತಿಂದ್ರಾ ಅತ್ತೆ?"

"ಯಾವ ನನ್ಮಗ ಕೊಟ್ಟ ತಿನ್ನೋಕೆ?"

"ಒಳ್ಳೇದಾಯ್ತು. ಕತ್ತು ಹಿಡ್ಕೊಳ್ಳಿ."

ಹನ್ನೊಂದು ಐವತ್ತಕ್ಕೆ ಟ್ರಾಲಿ ಥಿಯೇಟರಿನ ಮುಂದೆ ಮತ್ತೆ ನಿಂತಿತು. ಅದರ ಹಿಂದೆ ಒಂದು ಮೆರವಣಿಗೆ ಇತ್ತು. ಇಬ್ಬರು ಗಾಲಿಕುರ್ಚಿಯಲ್ಲಿ; ಉಳಿದವರು ಹೊದಿಕೆಯ ನಾಲ್ಕು ಮೂಲೆ ಹಿಡಿದ ಹೆಂಗಸರ ಕೈಯಲ್ಲಿ, ಸರದಿಯಂತೆ ಒಬ್ಬೊಬ್ಬರಾಗಿ, ತಮ್ಮ ತಮ್ಮ ಹಾಸಿಗೆಗೆ. ಫೋಟೊದವನು ಮೊದಲು ಒಂದೆರಡು ತೆಗೆದ. ಆಮೇಲೆ ದೊಡ್ಡ ಡಾಕ್ಟರ ಮುಖ ನೋಡಿ ನಿಲ್ಲಿಸಿದ.

"ಇವರು ಯಾರು?" ಮುಖ್ಯಸ್ಥರು ಕೇಳಿದರು.

"ಏಳನೇ ಹಾಸಿಗೆ ಸಾರ್."

"ಏಳನೇ ಹಾಸಿಗೆ ನೀನಲ್ವೇನಮ್ಮ?"

"ನಾನು ಆ ಹಾಸಿಗೆ ಕೆಳಗಡೆ ಗುಡಿಸೋಳು."

ಮೇಡಂ ಟ್ಯಾಬನ್ನು ಮೇಲೆ ಕೆಳಗೆ ಸರಿಸಿದರು. "ಸರ್, ಇದನ್ನ ಎಲ್ಲಿ ಹಾಕಲಿ? ಕಾಲಂ ಇಲ್ಲ."

"'ಇತರೆ'ಯಲ್ಲಿ ಹಾಕಿ."

"'ಇತರೆ'ಗೆ ಅಂಕ ಇಲ್ಲ ಸರ್."

"ಇದೆಲ್ಲ ಯಾರೋ ಮಾಡಿಸಿದ ಪಿತೂರಿ," ಎಂದ ಜನರ ಪ್ರತಿನಿಧಿ. "ಇವಳ ಮೇಲೆ ಮೊದಲಿಂದಲೂ ದೂರಿದೆ. ಕಳ್ಳಿ."

"ಏನು ಕದ್ಳೋ?" ಟ್ರಾಲಿಯಿಂದ ಅತ್ತೆ ತಲೆ ಎತ್ತಿದಳು. "ನಿನ್ನ ಫಿನಾಯಿಲಾ? ಅದ್ರಲ್ಲಿ ಮುಕ್ಕಾಲು ಭಾಗ ನಲ್ಲಿ ನೀರು. ಕದ್ರೂ ದಂಡ."

ಅಷ್ಟರಲ್ಲಿ ಶಸ್ತ್ರವೈದ್ಯ ಹೊರಬಂದಿದ್ದ. ಅವನು ಯಾರ ಮಾತಿಗೂ ಕಿವಿಗೊಡದೆ ಮುದುಕಿಯ ಕಾಲಿನ ಬಟ್ಟೆ ಸರಿಸಿದ. ತಂಡದ ಮೂವರೂ ಒಟ್ಟಿಗೆ ಕರವಸ್ತ್ರ ತೆಗೆದರು. ಕಪ್ಪು ಬೆರಳು ದಾಟಿ ಪಾದದ ಅಂಚಿಗೆ ಬಂದಿತ್ತು. "ಕೊನೆಯ ಸಲ ತಿಂದಿದ್ದು ಯಾವಾಗ?" ಎಂದು ಕೇಳಿದ. ನಿನ್ನೆ ರಾತ್ರಿ ಎಂಟಕ್ಕೆ. "ಸಕ್ಕರೆ ನೋಡಿ. ಒಳಗೆ ತಗೊಳ್ಳಿ."

"ಸ್ವಲ್ಪ ನಿಲ್ಲಿ ಡಾಕ್ಟ್ರೇ," ದೊಡ್ಡ ಡಾಕ್ಟರು ಅಡ್ಡ ಬಂದರು. "ಇವತ್ತಿನದು ಬರೀ..."

"ಪಟ್ಟಿಯಲ್ಲಿ ಹೆಸರು ನಿಮ್ಮ ಕೈಬರಹದಲ್ಲೇ ಇದೆ ಸರ್," ಎಂದು ಅವನು ಬಾಗಿಲು ಹಾಕಿಕೊಂಡ. ಅವನಿಗೂ ಮಧ್ಯಾಹ್ನ ಎರಡಕ್ಕೆ ತನ್ನ ನರ್ಸಿಂಗ್ ಹೋಮಿನಲ್ಲಿ ಕೆಲಸವಿತ್ತು.

ಹನ್ನೆರಡು ಹತ್ತಕ್ಕೆ ಆರಂಭವಾದ ಶಸ್ತ್ರಚಿಕಿತ್ಸೆ ಹನ್ನೆರಡು ಐವತ್ತಕ್ಕೆ ಮುಗಿಯಿತು. ಎರಡು ಬೆರಳು ಹೋದವು. ಪಾದ ಉಳಿಯಿತು. ಒಂದು ಗಂಟೆಗೆ ತಂಡ ಹೊರಟಿತು. ಒಂದೂಕಾಲಕ್ಕೆ ಥಿಯೇಟರಿಗೆ ಬೀಗ ಬಿತ್ತು. ಶೆಡ್ಡಿನಿಂದ ಬಂದ ಉಳಿದ ಹತ್ತು ಮಂದಿಯಲ್ಲಿ ಆರು ಮಂದಿಯ ಶಸ್ತ್ರಚಿಕಿತ್ಸೆ ಬಾಕಿ ಇತ್ತು.

ಅಂದೇ ಸಂಜೆ ಆಡಳಿತ ಸಮಿತಿ ಸಭೆ ಸೇರಿತು. ಹತ್ತು ಹೆಂಗಸರನ್ನೂ ಟ್ರಾಲಿಯವನನ್ನೂ ಕೆಲಸದಿಂದ ತೆಗೆಯಬೇಕೆಂದು ಜನರ ಪ್ರತಿನಿಧಿ ಸೂಚಿಸಿದ. ಗುತ್ತಿಗೆದಾರನ ಒಪ್ಪಿಗೆ ಬೇಕಿತ್ತು. ಅವನು ಅದನ್ನೂ ಕೊಟ್ಟ.

ಮೂರು ವಾರದ ನಂತರ ಬಂದ ವರದಿಯಲ್ಲಿ ಆಸ್ಪತ್ರೆಗೆ ಎಂಬತ್ತಾರು ಅಂಕ. ಬಟ್ಟೆ ಒಗೆಯುವ ಶೆಡ್ಡನ್ನು 'ತುರ್ತು ಸಂದರ್ಭಕ್ಕೆ ಲಭ್ಯವಿರುವ ಹೆಚ್ಚುವರಿ ವಾರ್ಡ್' ಎಂದು ಮೆಚ್ಚಿ ಬರೆಯಲಾಗಿತ್ತು.

ಆದರೆ ಅಷ್ಟರೊಳಗೆ ಇನ್ನೊಂದು ನಡೆದಿತ್ತು. ತೆಗೆದುಹಾಕಿದ ಮರುದಿನದಿಂದಲೇ ಹತ್ತು ಹೆಂಗಸರು ಆಸ್ಪತ್ರೆಯ ಮುಂಬಾಗಿಲ ಮೆಟ್ಟಿಲ ಮೇಲೆ ಕೂತರು. ಸ್ಟ್ರೆಚರ್ ಹೋಗುವ ಇಳಿಜಾರನ್ನು ಬಿಟ್ಟು ಕೂತರು. ಕೆಲಸ ವಾಪಸ್ ಕೊಡಿ ಎಂದು ಕೇಳುತ್ತಾರೆಂದುಕೊಂಡು ದೊಡ್ಡ ಡಾಕ್ಟರು ಉತ್ತರ ಸಿದ್ಧಮಾಡಿಟ್ಟಿದ್ದರು.

"ಕೆಲಸದ ಮಾತು ಆಮೇಲೆ ಸಾರ್," ಎಂದಳು ಗಿಡ್ಡಿ. "ಥಿಯೇಟರ್ ಪಟ್ಟಿ ಬಾಗಿಲಿಗೆ ಅಂಟಿಸಿ. ಯಾರಾದ್ಮೇಲೆ ಯಾರು ಅಂತ ಎಲ್ರೂ ನೋಡ್ಲಿ."

"ಅದು ಆಡಳಿತದ ವಿಷಯ. ನಿಂಗೇನು ಗೊತ್ತಾಗುತ್ತೆ?"

"ಅಂಟಿಸಿದ್ರೆ ಓದ್ತೀನಿ. ಐದನೇ ಕ್ಲಾಸು ಮುಗಿಸಿದೀನಿ."

ಹೊಸಬರು ಕಸಕ್ಕೆ ಬರಲಿಲ್ಲ. ಮೆಟ್ಟಿಲಲ್ಲಿ ದಪ್ಪಕ್ಕ ಕೂತಿದ್ದಳು. ಮೂರನೇ ದಿನ ವಾರ್ಡಿನ ಬುಟ್ಟಿಗಳು ತುಂಬಿ ಚೆಲ್ಲಿದವು. ನಾಲ್ಕನೇ ದಿನ ಬೆಳಗ್ಗೆ ಒಂಬತ್ತಕ್ಕೆ ಥಿಯೇಟರಿನ ಬಾಗಿಲಿಗೆ ಆರು ಹೆಸರುಗಳ ಪಟ್ಟಿ ಅಂಟಿತು. ಒಂಬತ್ತೂಕಾಲಕ್ಕೆ ಸೀಟಿ ಬಂದು ಅದನ್ನು ಹರಿದ.

ಗಿಡ್ಡಿಗೆ ಆರು ಹೆಸರು ನೆನಪಿರಲಿಲ್ಲ. ಹಾಸಿಗೆಯ ಸಂಖ್ಯೆ ನೆನಪಿತ್ತು. ಕಸದ ಚೀಲಗಳಿಗೆ ಗುರುತು ಹಾಕುವ ಕಪ್ಪು ಮಾರ್ಕರ್ ಇನ್ನೂ ಅವಳ ಸೊಂಟದಲ್ಲಿತ್ತು. ಥಿಯೇಟರ್ ಬಾಗಿಲ ಪಕ್ಕ, ಹೊಸದಾಗಿ ಬಳಿದ ಗೋಡೆಯ ಮೇಲೆ, ತನ್ನ ಕೈ ಎಟಕುವಷ್ಟು ಎತ್ತರದಲ್ಲಿ, ಒಂದೊಂದು ಅಂಕಿ ಒಂದೊಂದು ಗೇಣು ಉದ್ದ ಬರೆದಳು: ನಾಲ್ಕು, ಎರಡು, ಒಂಬತ್ತು, ಹನ್ನೊಂದು, ಒಂದು, ಎಂಟು. ಪೊಲೀಸರು ಹತ್ತೂವರೆಗೆ ಬಂದು ಅವಳನ್ನು ಕರೆದೊಯ್ದರು.

ಹನ್ನೊಂದು ಗಂಟೆಗೆ ನಾಲ್ಕನೇ ಹಾಸಿಗೆಯ ಹೆಂಗಸನ್ನು ಥಿಯೇಟರಿನೊಳಗೆ ತೆಗೆದುಕೊಂಡರು.